ಚಪ್ಪರವೂ ಶಿಲೆಯೂ

ಆಸ್ಟ್ರೇಲಿಯದ ಕಾಡುಗಳಲ್ಲಿ ಸ್ಯಾಟಿನ್ ಬವರ್ ಎಂಬ ಹಕ್ಕಿಯಿದೆ. ಗಂಡು ಕಡ್ಡಿಗಳಿಂದ ಚಪ್ಪರ ಕಟ್ಟಿ, ಅದರ ಮುಂದೆ ನೀಲಿ ಗರಿ, ನೀಲಿ ಹೂಗಳನ್ನು ಹರಡುತ್ತದೆ. ಅದು ಗೂಡಲ್ಲ, ಗೂಡನ್ನು ಹೆಣ್ಣು ಬೇರೆಡೆ ತಾನೇ ಕಟ್ಟಿಕೊಳ್ಳುತ್ತದೆ. ಚಪ್ಪರವಿರುವುದು ಹೆಣ್ಣು ಬಂದು ನೋಡಿ ಮೆಚ್ಚುವುದಕ್ಕಾಗಿ. ಇಂಥ ಆಯ್ಕೆಯಿಂದಲೇ ಗಂಡುಹಕ್ಕಿಗಳ ಚೆಲುವು ಬೆಳೆದುಬಂದಿತೆಂದು ಡಾರ್ವಿನ್ 1871ರಲ್ಲಿ ವಾದಿಸಿದನು.

ಹಾಗಾದರೆ ಮನುಷ್ಯನ ಕಲೆಯೂ ಕಾಮದ ಅಲಂಕಾರವಷ್ಟೇ ಏನು? ಬೇಲೂರಿನ ದರ್ಪಣಸುಂದರಿಯ ಮುಂದೆ ಈ ಪ್ರಶ್ನೆ ನನಗೆ ಎದುರಾಯಿತು. ಹರೆಯದಲ್ಲಿ ಅವಳ ಮೈಯನ್ನಷ್ಟೇ ಕಂಡು ನಾಚಿ ತಲೆತಗ್ಗಿಸಿದ್ದೆ. ಅರವತ್ತರಲ್ಲಿ ಮತ್ತೆ ಹೋದಾಗ, ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವ ಅವಳ ಏಕಾಂತ ಕಂಡಿತು. ಬಯಕೆ ಸುಳ್ಳಾಗಿರಲಿಲ್ಲ, ಅವಳ ಬಳಿಗೆ ನನ್ನನ್ನು ಮೊದಲು ಕರೆತಂದದ್ದು ಅದೇ. ಆದರೆ ಜೊತೆಯನ್ನು ಆರಿಸಿಕೊಂಡ ಹೆಣ್ಣುಹಕ್ಕಿಗೆ ಚಪ್ಪರದ ಹಂಗಿಲ್ಲ. ನನಗೋ, ಬಯಕೆ ತಣಿದ ವಯಸ್ಸಿನಲ್ಲಿಯೂ ಆ ಶಿಲೆಯ ಹಂಗು ತೀರಲಿಲ್ಲ.