ಪರೀಕ್ಷೆಯೇ ತೀರ್ಪಲ್ಲ



ನಿಮ್ಮಲ್ಲಿ ಕೆಲವರು ಫಾರ್ಮಸಿ, ನರ್ಸಿಂಗ್, ಲ್ಯಾಬ್ ಟೆಕ್ನೀಷಿಯನ್ ಕೋರ್ಸುಗಳಿಗೆ ಹೊರಟಿದ್ದೀರಿ. ನಿಮಗಾಗಿ ಇಂದು ಅಮೆರಿಕದ ಒಂದು ನಿಯಮದ ಕುರಿತು ಎರಡು ಮಾತು ಹೇಳುತ್ತೇನೆ.

ಅಲ್ಲಿ ಬಹುಕಾಲದ ನೋವಿಗೆ ಮಾರ್ಫಿನ್, ಆಕ್ಸಿಕೋಡೋನ್ ಮುಂತಾದ ಅಫೀಮು ವರ್ಗದ ಮದ್ದು ಪಡೆಯುವ ರೋಗಿಗಳಿಗೆ ಮೂತ್ರ ಪರೀಕ್ಷೆ ಮಾಡಿಸುವ ರೂಢಿಯಿದೆ. ಬರೆದುಕೊಟ್ಟ ಮಾತ್ರೆಯನ್ನು ರೋಗಿಯೇ ನುಂಗುತ್ತಿದ್ದಾನೆಯೇ, ಬೇರೆ ಮಾದಕ ವಸ್ತು ದೇಹದಲ್ಲಿದೆಯೇ ಎಂದು ತಿಳಿಯುವುದು ಉದ್ದೇಶ. ಈ ವರ್ಗದ ಮದ್ದುಗಳ ಅತಿಸೇವನೆಯಿಂದ ಆ ದೇಶದಲ್ಲಿ ಲಕ್ಷಾಂತರ ಜನ ಸತ್ತಿದ್ದಾರೆ. ಆದ್ದರಿಂದ ಈ ಎಚ್ಚರಿಕೆ ನಿಷ್ಕಾರಣವಲ್ಲ. ಚಿಕಿತ್ಸೆಗೆ ಮೊದಲು ಪರೀಕ್ಷಿಸಿರಿ, ನಂತರ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸುವುದನ್ನು ಪರಿಗಣಿಸಿರಿ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2016ರಲ್ಲಿ ವೈದ್ಯರಿಗೆ ಸಲಹೆ ನೀಡಿತು.

ಆದರೆ ಮೊದಲ ಹಂತದ ಪರೀಕ್ಷೆ ಎಂಥದು? ಮುಖ ನೋಡದೆ ದನಿ ಕೇಳಿಯೇ ಹಾಜರಿ ಹಾಕಿದಂತೆ! ಅದು ಮುಖ್ಯವಾಗಿ ಮಾರ್ಫಿನ್, ಕೊಡೀನ್‌ಗಳನ್ನು ಗುರುತಿಸುತ್ತದೆ. ಆಕ್ಸಿಕೋಡೋನ್ ಅನೇಕ ಸಲ ಅದರ ಕಣ್ಣಿಗೆ ಬೀಳುವುದಿಲ್ಲ. ಫೆಂಟನಿಲ್ ಬೀಳುವುದೇ ಇಲ್ಲ. ಆಗ ಪ್ರಾಮಾಣಿಕ ರೋಗಿಯ ಮೇಲೂ ‘ಮಾತ್ರೆ ಮಾರಿಕೊಂಡ’ ಎಂಬ ಅನುಮಾನ ಬರುತ್ತದೆ.

ತದ್ವಿರುದ್ಧವೂ ಉಂಟು. ನಾವು ಪಾಯಸಕ್ಕೂ ಕುರ್ಮಾಕ್ಕೂ ಅರೆದು ಹಾಕುವ ಗಸಗಸೆ, ಉರ್ದುವಿನ ಖಸ್‌ಖಸ್, ಅಫೀಮು ಗಿಡದ್ದೇ ಬೀಜ. ಅದನ್ನು ತಿಂದವರ ಮೂತ್ರದಲ್ಲೂ ಮಾರ್ಫಿನ್ ಕಾಣಿಸಬಹುದು. ಈ ಕಾರಣದಿಂದಲೇ ಅಮೆರಿಕ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. 2023ರಲ್ಲಿ ಅಲ್ಲಿನ ಸೈನಿಕರಿಗೆ ಗಸಗಸೆಯಿಂದ ದೂರವಿರಲು ಸೂಚನೆಯೇ ಬಂತು.

ಹಾಗಾಗಿ ಸಂಶಯ ಬಂದರೆ ಮಾಸ್ ಸ್ಪೆಕ್ಟ್ರೋಮೆಟ್ರಿಯಂಥ ಎರಡನೆಯ, ಖಚಿತ ಪರೀಕ್ಷೆ ಬೇಕು. ಅದಕ್ಕೂ ಮೊದಲು ರೋಗಿಯನ್ನು ಕೂರಿಸಿ ಕೇಳಬೇಕು. ಹಿಂದೆ ಒಂದೇ ವರದಿ ನೋಡಿ ರೋಗಿಯನ್ನು ಹೊರಗೆ ಕಳಿಸಿದ್ದುಂಟು. ಮದ್ದು ಥಟ್ಟನೆ ನಿಂತರೆ ನೋವು ಮರಳುತ್ತದೆ, ಮೈ ನಡುಗುತ್ತದೆ. ಕೆಲವರು ಬೀದಿಯ ವಿಷಕ್ಕೆ ಕೈಚಾಚುತ್ತಾರೆ. 2022ರ ಪರಿಷ್ಕೃತ ಮಾರ್ಗಸೂಚಿ ಇದನ್ನು ಮನಗಂಡಿತು. ಪರೀಕ್ಷೆಯ ಲಾಭ, ಹಾನಿ ಎರಡನ್ನೂ ತೂಗಿರಿ, ಅದನ್ನು ಶಿಕ್ಷೆಯ ಸಾಧನ ಮಾಡಬೇಡಿರಿ, ಫಲಿತಾಂಶದ ಆಧಾರದಿಂದ ರೋಗಿಯನ್ನು ಕೈಬಿಡಬೇಡಿರಿ ಎಂದು ಹೇಳಿತು.

ವಿದ್ಯಾರ್ಥಿಗಳೇ, ನಾಳೆ ಇಂಥ ವರದಿ ನಿಮ್ಮ ಕೈಗೂ ಬರಬಹುದು. ಅಂದು ಕಾಗದವನ್ನು ಓದಿರಿ. ಜೊತೆಗೆ ಎದುರಿಗಿರುವ ಮುಖವನ್ನೂ ನೋಡಿರಿ. ‘ನಿನ್ನೆ ಏನು ಊಟ ಮಾಡಿದಿರಿ?’ ಎಂಬ ಒಂದು ಪ್ರಶ್ನೆ ಒಬ್ಬರ ಮಾನವನ್ನೂ ಪ್ರಾಣವನ್ನೂ ಉಳಿಸೀತು.