ಪಟ್ಟಣದ ಕೆಸರು, ಹೊಲದ ಗೊಬ್ಬರ

(ಹೋಬಳಿ ರೈತರ ಸಭೆಯಲ್ಲಿ ಆಡಿದ ಮಾತು)



ನಾವು ಬೆಳೆದ ರಾಗಿ, ಭತ್ತ, ತರಕಾರಿ ಪಟ್ಟಣಕ್ಕೆ ಹೋಗ್ತದೆ. ಜೊತೆಗೆ ನಮ್ಮ ಹೊಲದ ಸಾರವೂ ಹೋಗ್ತದೆ. ತಿರುಗಿ ಬರೋದೇನು? ಅಂಗಡಿ ಗೊಬ್ಬರದ ಸಾಲ! ಹೋದ ಸಾರ ಪಟ್ಟಣದ ಒಳಚರಂಡಿ ಕೆಸರಿನಲ್ಲಿ ಕೂತಿದೆ.

ಅದನ್ನು ವಾಪಸು ತರೋದು ಹೊಸ ವಿದ್ಯೆಯಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯರು ಊರ ಕಸ, ಮಲ ಎರಡನ್ನೂ ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮೆತ್ತಿ ಕೊಳೆಸುವ ಕ್ರಮ ರೂಪಿಸಿದರು. ಅದಕ್ಕೆ 'ಬೆಂಗಳೂರು ಪದ್ಧತಿ' ಅಂತಲೇ ಹೆಸರು.

ಆದರೆ ಹಸಿ ಕೆಸರನ್ನು ಟ್ಯಾಂಕರಿನಿಂದ ನೇರ ಹೊಲಕ್ಕೆ ಸುರಿಸಿಕೊಳ್ಳಬೇಡಿ. ಅದರಲ್ಲಿನ ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಸೊಪ್ಪು ತರಕಾರಿ ಜೊತೆ ಮನೆಗೇ ಬರ್ತದೆ. ನೀರು ಬಸಿದ ಒಂದು ಪಾಲು ಕೆಸರಿಗೆ ಎರಡು ಮೂರು ಪಾಲು ಒಣ ಕಸ ಬೇಕು: ಕಬ್ಬಿನ ತರಗು, ಜೋಳದ ದಂಟು, ಕತ್ತರಿಸಿದ ತೆಂಗಿನ ಗರಿ. ಕಸ ಸೇರಿದರೆ ಗಾಳಿಯಾಡ್ತದೆ, ರಾಶಿ ತಾನೇ ಕಾಯ್ತದೆ. ಒಳಗಿನ ಶಾಖ 55 ಡಿಗ್ರಿಗೆ ಕಮ್ಮಿಯಾಗದಂತೆ 15 ದಿನ ಇರಬೇಕು, ಅಷ್ಟರಲ್ಲಿ ಐದು ಸಲ ಮಗುಚಬೇಕು. ಆಮೇಲೆ ಕೆಲವು ವಾರ ಮಾಗಬೇಕು.

ಈಗ ದುಡ್ಡಿನ ಲೆಕ್ಕ. ಪಟ್ಟಣದ ಕಾಂಪೋಸ್ಟಿನಲ್ಲಿ ನೂರಕ್ಕೆ 0.8 ಭಾಗವಾದರೂ ಸಾರಜನಕ ಇರಬೇಕು ಅಂತ ಸರಕಾರದ ನಿಯಮ. ಅಂದರೆ ಟನ್ನಿಗೆ 8 ಕಿಲೊ. 45 ಕಿಲೊ ಯೂರಿಯಾ ಮೂಟೆಯಲ್ಲಿ 20 ಕಿಲೊ ಮೇಲಿದೆ. ಹಾಗಾಗಿ ಯೂರಿಯಾ ಬಿಟ್ಟುಬಿಡಿ ಅನ್ನುವವರ ಮಾತು ನಂಬಬೇಡಿ. ಇದರ ಲಾಭ ಬೇರೆ: ಮಣ್ಣು ಹದವಾಗಿ ನೀರು ಹಿಡೀತದೆ, ಹಾಕಿದ ಗೊಬ್ಬರ ಕೊಚ್ಚಿ ಹೋಗೋದು ಕಮ್ಮಿಯಾಗ್ತದೆ. ಆದರೆ ದೂರದಿಂದ ತಂದರೆ ಲಾಭವನ್ನೆಲ್ಲ ಲಾರಿ ಬಾಡಿಗೆಯೇ ನುಂಗಿಬಿಡ್ತದೆ.

ಅದಕ್ಕೇ ನಮ್ಮ ಬೇಡಿಕೆ ಮೂರು. ಒಂದು, ಬಾಡಿಗೆಯನ್ನು ನಗರದವರೇ ಕೊಡಲಿ. ಹೊಲಸು ತೆಗೆಯೋದು ಅವರ ಖರ್ಚು, ನಮ್ಮ ಸಾಲವಲ್ಲ. ಎರಡು, ಪ್ರತಿ ಲೋಡಿಗೂ ಪರೀಕ್ಷೆಯ ಚೀಟಿ ಬರಲಿ. ಕಾರ್ಖಾನೆ ನೀರು ಸೇರಿದ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರ್ತವೆ. ನಿಯಮದ ಮಿತಿ ಕಿಲೊಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5. ಜಂತುಹುಳ ಶಾಖಕ್ಕೆ ಸಾಯ್ತದೆ, ಸೀಸ ಸಾಯೋದಿಲ್ಲ. ಮೂರು, ಮಲ ಎತ್ತಿಸುವ ಕೆಲಸಕ್ಕೆ ಯಾವ ಜಾತಿಯ ಮನುಷ್ಯನನ್ನೂ ಇಳಿಸಕೂಡದು. ಅದು 2013ರ ಕಾಯಿದೆಯಂತೆ ಅಪರಾಧ. ಯಂತ್ರದಲ್ಲಿ ಎತ್ತಲಿ.

ಚೀಟಿ ಇದ್ದರೆ ಗೊಬ್ಬರ. ಇಲ್ಲದಿದ್ದರೆ ಅದು ಪಟ್ಟಣದ ತಿಪ್ಪೆ. ನಮ್ಮ ಹೊಲ ಯಾರ ತಿಪ್ಪೆಯೂ ಅಲ್ಲ. ಲಾರಿ ಬಂದಾಗ ಮೊದಲು ಚೀಟಿ ಕೇಳಿ, ಆಮೇಲೆ ಗೇಟು ತೆಗೆಯಿರಿ.