ಕಲ್ಲಿಗೂ ದಣಿವಾಗುತ್ತೆ: ಕೆಂಪು ಕೋಟೆ ಮತ್ತು ನಮ್ಮನೆ ಹಿತ್ತಲ ಗೋಡೆ

ನಾನು ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಎಂಟೆಕ್ ಮಾಡಿದ್ದು ಮಾತ್ರ ಜಿಯೋಟೆಕ್ನಿಕಲ್‌ನಲ್ಲಿ. ಕಲ್ಲು ಬಿಟ್ಟು ಕೋಡ್ ಹಿಡಿದು ಹತ್ತು ವರ್ಷ ಆಯ್ತು. ಇವತ್ತು ಮತ್ತೆ ಕಲ್ಲಿನ ಬಗ್ಗೆ ಮಾತಾಡೋಕೆ ಕಾರಣ ನಮ್ಮಪ್ಪ.

ಕಳೆದ ಚಳಿಗಾಲದಲ್ಲಿ ಅಪ್ಪ ಬಾದಾಮಿ ಹತ್ತಿರದ ನಮ್ಮೂರಿಂದ ಬಂದಿದ್ರು. ಕೆಂಪು ಕೋಟೆಗೆ ಕರ್ಕೊಂಡು ಹೋದೆ. ಎಲ್ಲರೂ ಫೋಟೋ ತೆಗೀತಿದ್ರೆ ಇವರು ಒಂದು ಗೋಡೆಯ ಬುಡ ನೋಡ್ತಾ ನಿಂತ್ರು. ಕಲ್ಲಿನ ಪದರು ಎದ್ದು, ಕೆಳಗೆ ಕೆಂಪು ಪುಡಿ ಬಿದ್ದಿತ್ತು. "ತಮ್ಮಾ, ನಮ್ಮನಿ ಹಿತ್ತಲ ಗ್ವಾಡಿ ಹಂಗ ಉದುರಾಕತ್ತೈತಲ್ಲೋ" ಅಂದ್ರು.

ನಮ್ಮ ಮನೆಯೂ ಮರಳುಗಲ್ಲಿಂದೇ. ಆ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸೋಕೆ ಅಣ್ಣ ಆಗಲೇ ಅಡ್ವಾನ್ಸ್ ಕೊಟ್ಟಿದ್ದ.

ಮರಳುಗಲ್ಲು ಅಂದ್ರೆ ಮರಳಿನ ಕಾಳು, ಅವನ್ನ ಹಿಡಿದಿಡುವ ಅಂಟು. ಅಂಟು ಸಿಲಿಕಾ ಆಗಿದ್ರೆ ಕಲ್ಲು ಗಟ್ಟಿ. ಸುಣ್ಣದ ಅಂಶ ಇದ್ರೆ ಆಮ್ಲ ಅದನ್ನ ಕರಗಿಸುತ್ತೆ. ಜೇಡಿ ಇದ್ರೆ ನೀರು ಕುಡಿದು ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಒಂದು ಸಲಕ್ಕೆ ಏನೂ ಆಗಲ್ಲ. ಆದ್ರೆ ತಂತಿಯನ್ನ ಅತ್ತ ಇತ್ತ ಬಗ್ಗಿಸ್ತಾ ಇದ್ರೆ ಕೊನೆಗೆ ತುಂಡಾಗುತ್ತಲ್ಲ, ಹಾಗೆ ಸಣ್ಣ ಬಿರುಕು ಬೆಳೀತಾ ಹೋಗುತ್ತೆ. ಆ ಬಿರುಕಿನೊಳಗೆ ಮುಂದಿನ ಸಲ ಇನ್ನಷ್ಟು ನೀರು.

ಲ್ಯಾಬಲ್ಲಿ ಇದನ್ನ ಅಳೆಯೋಕೆ ಸ್ಲೇಕ್ ಡ್ಯುರಬಿಲಿಟಿ ಟೆಸ್ಟ್ ಇದೆ. 40ರಿಂದ 60 ಗ್ರಾಂನ ಹತ್ತು ಕಲ್ಲು, 2 ಮಿಲಿಮೀಟರ್ ಜಾಲರಿಯ ಡ್ರಮ್. ನೀರಲ್ಲಿ ಹತ್ತು ನಿಮಿಷಕ್ಕೆ 200 ಸುತ್ತು, ಆಮೇಲೆ ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ ತೂಕ. ಮತ್ತೆ ಇನ್ನೊಂದು ಸಲ. ಎಷ್ಟು ಉಳೀತು ಅನ್ನೋದೇ ಕಲ್ಲಿನ ಮಾರ್ಕ್ಸ್ ಕಾರ್ಡ್. ಕೋಟೆಯ ಕೆಲಸ ಮುಗಿದದ್ದು 1648ರಲ್ಲಿ. ಅಲ್ಲಿಂದ ಎಷ್ಟು ಮಳೆಗಾಲ, ಎಷ್ಟು ಬೇಸಿಗೆ ಅಂತ ನೀವೇ ಲೆಕ್ಕ ಹಾಕಿ.

ದೆಹಲಿಯದ್ದು ಇನ್ನೊಂದು ತಿರುವು. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಇಷ್ಟು ಹೊಗೆ ಇರೋ ಊರಲ್ಲಿ ಮಳೆ ಭಾರೀ ಆಮ್ಲವಾಗಿರಬೇಕು ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಇಲ್ಲಿನ ಧೂಳಲ್ಲಿರೋ ಸುಣ್ಣದ ಅಂಶ ಅದನ್ನ ಬಹುಮಟ್ಟಿಗೆ ತಟಸ್ಥ ಮಾಡಿಬಿಡುತ್ತೆ. ಹಾಗಂತ ಕಲ್ಲು ಬಚಾವಾಗಲ್ಲ. ಚಳಿಗಾಲದ ಮಂಜು, ಇಬ್ಬನಿಯಿಂದ ಒದ್ದೆಯಾದ ಗೋಡೆ ಗಾಳಿಯಲ್ಲಿರೋ ಸಲ್ಫರ್ ಡೈಆಕ್ಸೈಡನ್ನ ನೇರವಾಗಿ ಹೀರುತ್ತೆ. ಅದು ಧೂಳಿನ ಸುಣ್ಣದ ಜೊತೆ ಸೇರಿದ್ರೆ ಜಿಪ್ಸಮ್. ಹೊಗೆಯ ಮಸಿಯೂ ಅಂಟಿ ಕಪ್ಪು ಪದರು. 2025ರಲ್ಲಿ ಭಾರತ ಮತ್ತು ಇಟಲಿಯ ಸಂಶೋಧಕರು ಕೆಂಪು ಕೋಟೆಯಲ್ಲಿ ಇಂಥ ಪದರನ್ನೇ ಪರೀಕ್ಷೆ ಮಾಡಿದ್ರು. ಅದು ದಪ್ಪ ಇರೋ ಕಡೆ ಸುಮಾರು ಅರ್ಧ ಮಿಲಿಮೀಟರ್. ಪದರು ಕಿತ್ತು ಬಂದಾಗ ಕಲ್ಲಿನ ಮೈಯನ್ನೂ ಎಳ್ಕೊಂಡೇ ಬರುತ್ತೆ.

ಆದ್ರೆ ನಮ್ಮೂರಲ್ಲಿ ದೆಹಲಿಯ ಹೊಗೆ ಇಲ್ಲವಲ್ಲ? ಆವತ್ತು ರಾತ್ರಿ ಅಪ್ಪನನ್ನ ಕೇಳ್ದೆ, ಗೋಡೆ ಎಲ್ಲಿ ಉದುರುತ್ತೆ ಅಂತ. ಬುಡದಿಂದ ಎರಡು ಮೂರು ಅಡಿವರೆಗೆ, ಬಚ್ಚಲ ನೀರು ಹೋಗೋ ಕಡೆ ಜಾಸ್ತಿ ಅಂದ್ರು. ಉತ್ತರ ಅಲ್ಲೇ ಇತ್ತು. ನೆಲದ ನೀರು ಉಪ್ಪನ್ನೂ ಹೊತ್ಕೊಂಡು ಕಲ್ಲೊಳಗೆ ಏರುತ್ತೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟಿ ಕಾಳುಗಳನ್ನ ಒಳಗಿಂದ ದೂಡುತ್ತೆ. ಮೇಲೆ ಸಿಮೆಂಟ್ ಹಚ್ಚಿದ್ರೆ ನೀರಿಗೆ ಆರೋಕೆ ದಾರಿ ಇಲ್ಲ. ಅದು ಇನ್ನೂ ಮೇಲಕ್ಕೆ ಏರುತ್ತೆ, ಉಪ್ಪು ಪ್ಲಾಸ್ಟರ್ ಹಿಂದೆ ಕೂಡುತ್ತೆ. ಗೋಡೆ ಕೆಲವು ವರ್ಷ ಚೆಂದ ಕಾಣುತ್ತೆ, ಒಳಗೆ ಪುಡಿಯಾಗ್ತಾ ಇರುತ್ತೆ.

ಅಣ್ಣನಿಗೆ ಫೋನ್ ಮಾಡಿದ್ರೆ, "ದಿಲ್ಲ್ಯಾಗ ಕುಂತು ಹೇಳೂದು ಸಸಾರ" ಅಂದ. ತಪ್ಪೇನಿಲ್ಲ, ಮನೆ ನೋಡ್ಕೊಳ್ತಿರೋನು ಅವನೇ. ಕೊನೆಗೆ ಅಪ್ಪನೇ ಫೋನ್ ಇಸ್ಕೊಂಡು, "ಮೊದಲ ಬಚ್ಚಲ ನೀರು ದೂರ ಬಿಡಸು. ಗ್ವಾಡಿ ಒಣಗಲಿ. ಆಮ್ಯಾಲೆ ಸುಣ್ಣದ ಗಾರಿ ನೋಡೂಣು" ಅಂದ್ರು. ಅಡ್ವಾನ್ಸ್ ಹೋಯ್ತು. ಪೈಪಿನ ಖರ್ಚು ನಾನು ಕೊಟ್ಟೆ.

ಊರಲ್ಲಿ ಹಳೇ ಕಲ್ಲಿನ ಮನೆ ಇರೋರು ಈ ಸಲ ರಜೆಗೆ ಹೋದಾಗ ಗೋಡೆಯ ಬುಡಕ್ಕೊಮ್ಮೆ ಕೈ ಇಟ್ಟು ನೋಡಿ. ಕೈಗೆ ಮರಳು ಅಂಟಿದ್ರೆ ಮೇಸ್ತ್ರಿನ ಕರೆಯೋಕೆ ಮುಂಚೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ.